ನಾನು ಬೂಟು ಬಿಚ್ಚಿದ ಬೆಟ್ಟ

ಪುಟ್ಟಿ, ಚಿನ್ನು, ನಿಮ್ಮಮ್ಮ ಹೇಳುವುದನ್ನೆಲ್ಲ ನಂಬಬೇಡಿ. ಸ್ಕಾಟ್ಲೆಂಡಿನ ಆ ಬೆಟ್ಟವನ್ನು ನಾನು ತುದಿಯವರೆಗೂ ಹತ್ತಿದ್ದೇನೆ. ನೀವಿಬ್ಬರೂ ಆಗ ಅಪ್ಪನ ಜೊತೆ ಕೆಳಗೆ ಐಸ್‌ಕ್ರೀಂ ತಿನ್ನುತ್ತಿದ್ದಿರಿ.

ಟಿಕೆಟ್ ಬುಕ್ ಮಾಡಿದ ದಿನವೇ ಅವಳು ತೀರ್ಮಾನಿಸಿಬಿಟ್ಟಿದ್ದಳು. "ಅಮ್ಮಾ, ನಾನು ಬೆಟ್ಟ ಹತ್ತಿ ಬರೋ ತನಕ ನೀನು ಕಾರಲ್ಲಿ ಕೂತಿರು." ಕಾರಿನಲ್ಲಿ ಬಿಟ್ಟುಹೋಗಲು ನಾನೇನು ಕೊಡೆಯೇ? ಆದರೆ ಎದುರಾಡುವ ಬಾಯಿ ನನಗಿಲ್ಲ. ಅದಕ್ಕೇ ಎರಡು ತಿಂಗಳು, ನೀವೆಲ್ಲ ಹೊರಗೆ ಹೋದ ಮೇಲೆ, ಸಿಂಗಾಪುರದ ಪುಂಗೋಲ್‌ನ ನಮ್ಮ ಬ್ಲಾಕಿನ ಹದಿನಾರು ಮಹಡಿಯ ಮೆಟ್ಟಿಲು ಹತ್ತಿದೆ. ಪಕ್ಕದ ಮನೆಯ ಚೀನೀ ಆಂಟಿ "ಲಿಫ್ಟ್ ಸ್ಪಾಯ್ಲ್ ಆ?" ಎಂದರು, ಲಿಫ್ಟ್ ಕೆಟ್ಟಿದೆಯಾ ಅಂತ. ನಾಚಿಕೆಯಿಂದ ಹೌದೆಂದು ತಲೆಯಾಡಿಸಿದೆ. ಪಾಪ, ಅವರೂ ಅವತ್ತು ಮೆಟ್ಟಿಲಲ್ಲೇ ಇಳಿದರು.

ಬೆಟ್ಟದ ಬುಡದಲ್ಲಿ ಕಾರಿನಿಂದ ಮೊದಲು ಇಳಿದವಳು ನಾನೇ. ನಿಮ್ಮಮ್ಮ ನಿಟ್ಟುಸಿರು ಬಿಟ್ಟು ಜೊತೆಗೆ ಕರೆದುಕೊಂಡಳು.

ನಮ್ಮೂರ ಬೆಟ್ಟಕ್ಕೆ ಮೆಟ್ಟಿಲುಂಟು, ಮೇಲೆ ದೇವರುಂಟು, ಚುರುಮುರಿಯುಂಟು. ಇಲ್ಲಿ ಒಂದು ಮರವೂ ಇಲ್ಲ. ನೇರಳೆ ಹೂವಿನ ಕುರುಚಲು ಗಿಡ, ಹಿಂಡದೆ ಬಿಟ್ಟ ಬಟ್ಟೆಯಂಥ ನೆಲ, ನಮ್ಮನ್ನು ನೋಡಿ ಅಗಿಯುವುದನ್ನೇ ಮರೆತ ಕುರಿಗಳು. ತಿರುಗಿ ನೋಡಿದರೆ ಕೆಳಗೆ ಉದ್ದಕ್ಕೆ ಮಲಗಿದ ಸರೋವರ, ಅದರ ಮೇಲೆ ನಡೆಯುವ ಮೋಡದ ನೆರಳು. ಸಿಂಗಾಪುರದಲ್ಲಿ ನಾನು ಅಷ್ಟು ದೂರ ನೋಡಿಯೇ ಇಲ್ಲ. ಎದುರಿನ ಬ್ಲಾಕು ಅಡ್ಡ ಬರುತ್ತದೆ.

ಕೊನೆಗೆ ಒಂದು ಕಲ್ಲುರಾಶಿ ಕಂಡಿತು. ತುದಿ ಬಂತೆಂದುಕೊಂಡು, ಅಭ್ಯಾಸ ನೋಡಿ, ಬೂಟು ಬಿಚ್ಚಿ, ಕೈಮುಗಿದು ಮೂರು ಸುತ್ತು ಬಂದೆ. ಕಾಲುಚೀಲ ತೊಯ್ದು ತೊಪ್ಪೆ.

"ಅಮ್ಮಾ, ಇದು ದಾರಿ ಗುರುತಿನ ಕಲ್ಲು! ತುದಿ ಅಲ್ಲಿದೆ," ಎಂದು ಮಂಜಿನೊಳಗೆ ಬೆರಳು ತೋರಿದಳು. "ಒದ್ದೆ ಕಾಲಲ್ಲಿ ಸಾಕು, ಇಳಿಯೋಣ."

"ನೀನು ಇಳಿ," ಎಂದೆ. "ಕಾರಲ್ಲಿ ಕೂತಿರು."

ನನ್ನ ಬಾಯಿಂದಲೇ ಬಂದ ಮಾತದು! ಬುತ್ತಿಗೆ ಮೊಸರನ್ನ ಕಟ್ಟಿ ತಂದಿದ್ದ ಪ್ಲಾಸ್ಟಿಕ್ ಕವರುಗಳನ್ನು ಕಾಲಿಗೆ ಸುತ್ತಿ, ಮೇಲೆ ಬೂಟು ಏರಿಸಿ ಹೊರಟೆ. ಗೊಣಗುತ್ತ ಅವಳೂ ಬಂದಳು.

ನಿಜವಾದ ತುದಿಯಲ್ಲಿ ದೇವರಿಲ್ಲ, ತಟ್ಟೆ ಚಾಚುವ ಪೂಜಾರಿಯೂ ಇಲ್ಲ. ಬರೀ ಗಾಳಿ. ನಿಮ್ಮ ತಾತ ಇದ್ದಿದ್ದರೆ, "ಇದಕ್ಕೇನೇ ಇಷ್ಟು ದೂರ ಬಂದದ್ದು?" ಎನ್ನುತ್ತಿದ್ದರು. ಹೌದು, ಇದಕ್ಕೇ. ಈ ಸಲ ಬೂಟು ಬಿಚ್ಚಲಿಲ್ಲ.

ಅಲ್ಲಿ ತೆಗೆದ ಫೋಟೋದಲ್ಲಿ ಮಂಜು ಮತ್ತು ನನ್ನ ಮೂಗು, ಎರಡೇ ಇವೆ. ನಿಮ್ಮಮ್ಮನೋ, ಕಂಡವರಿಗೆಲ್ಲ ಕಲ್ಲುರಾಶಿ ಸುತ್ತಿದ್ದನ್ನು ಹೇಳಿ ನಗಿಸುತ್ತಾಳೆ, ಮುಂದಿನದನ್ನು ನುಂಗುತ್ತಾಳೆ. ನನ್ನ ಕಡೆಗಿರುವ ಸಾಕ್ಷಿ ಈ ಹಾಳೆಗಳು ಮಾತ್ರ. ನಿಮ್ಮ ಸ್ಕೂಲ್ ಫೈಲಿನಲ್ಲಿ ಭದ್ರವಾಗಿಟ್ಟುಕೊಳ್ಳಿ. ಅವಳ ಕೈಗೆ ಸಿಗದ ಹಾಗೆ.