ಸ್ನಾನದ ಮನೆಯ ಪುಟ್ಟಬಸಮ್ಮ

ಯಾದವಗಿರಿಯ ದಿಬ್ಬದ ಮೇಲೆ, ರೇಷ್ಮೆ ವ್ಯಾಪಾರಿಯೊಬ್ಬರು ಪುಣ್ಯ ಕಟ್ಟಿಕೊಳ್ಳಲೆಂದು ಬಿಟ್ಟುಹೋದ ಬಂಗಲೆಯಲ್ಲಿ ಇಪ್ಪತ್ತೆರಡು ಮಂಚಗಳಿದ್ದವು. ಬಾಗಿಲ ಮೇಲಿನ ಹಲಗೆಯಲ್ಲಿ ‘ವೃದ್ಧ ವಿಶ್ರಾಂತಿ ಮಂದಿರ’ ಎಂದು ಬರೆದಿತ್ತು. ಊರಿನವರು ಮಾತ್ರ ಮುದುಕರ ಛತ್ರ ಎನ್ನುತ್ತಿದ್ದರು. ಛತ್ರಕ್ಕೂ ಇದಕ್ಕೂ ಇದ್ದ ವ್ಯತ್ಯಾಸ ಒಂದೇ. ಛತ್ರಕ್ಕೆ ಬಂದವರು ಮೂರನೆಯ ದಿನ ತಾವೇ ಎದ್ದು ಹೊರಡುತ್ತಾರೆ, ಇಲ್ಲಿಂದ ಹೊರಡುವವರಿಗೆ ನಾಲ್ಕು ಹೆಗಲು ಬೇಕಾಗುತ್ತಿತ್ತು.

ಪುಟ್ಟಬಸಮ್ಮ ಅಲ್ಲಿ ಸ್ನಾನ ಮಾಡಿಸುವ ಕೆಲಸಕ್ಕೆ ಸೇರಿದ್ದು ಐವತ್ತೊಂದನೆಯ ಇಸವಿಯಲ್ಲಿ. ಅದಕ್ಕೆ ಮುಂಚೆ ಹದಿನೆಂಟು ವರ್ಷ ಮಂಡಿ ಮೊಹಲ್ಲದ ಪುರಿ ಭಟ್ಟಿಯಲ್ಲಿ, ಕೆಂಡದಂತೆ ಕಾದ ಮರಳಿನಲ್ಲಿ ಅಕ್ಕಿ ಹುರಿದು ಪುರಿ ಮಾಡಿದವಳು. ಗಂಡ ಪ್ಲೇಗಿನಲ್ಲಿ ಹೋಗಿದ್ದ, ಮಕ್ಕಳಿರಲಿಲ್ಲ. ಭಟ್ಟಿಯ ಯಜಮಾನ ಸತ್ತು, ಅವನ ಮಕ್ಕಳು ಅದೇ ಜಾಗದಲ್ಲಿ ಸೈಕಲ್ ಅಂಗಡಿ ಇಟ್ಟಾಗ ಅವಳ ಪಾಲಿಗೆ ಬಂದದ್ದು ಎರಡು ಅಂಗೈ. ಅವು ಎಮ್ಮೆಯ ಗೊರಸಿನಷ್ಟು ಗಟ್ಟಿಯಾಗಿದ್ದವು. ಕುದಿಯುವ ಹಂಡೆಯ ಮುಚ್ಚಳವನ್ನು ಬಟ್ಟೆಯಿಲ್ಲದೆ ಎತ್ತಿದ್ದನ್ನು ನೋಡಿ ಮಂದಿರದ ಮ್ಯಾನೇಜರ್ ವೆಂಕಟಸುಬ್ಬಯ್ಯನವರು ಅಲ್ಲೇ ಅವಳನ್ನು ಗೊತ್ತುಮಾಡಿಕೊಂಡರು. ಕೊಡುವ ಸಂಬಳದ ಮಾತು ಬಂದಾಗ ಬೇರೆ ಸರಕು ತೋರಿಸಿದರು.

“ನೋಡು ಬಸಮ್ಮ, ಮೈಯಲ್ಲಿ ಶಕ್ತಿ ಇರೋತನಕ ಇಲ್ಲಿ ದುಡಿ. ಆಮೇಲೆ ಇಲ್ಲೇ ನಿಂಗೂ ಒಂದು ಮಂಚ. ಯಾರ ಮನೆ ಬಾಗಿಲಿಗೂ ಹೋಗ್ಬೇಕಾಗಿಲ್ಲ.”

ಅವಳ ಲೆಕ್ಕಕ್ಕೆ ಅದು ಒಳ್ಳೆಯ ವ್ಯಾಪಾರ. ಕಿಟಕಿಯ ಪಕ್ಕದ ಹದಿನೇಳನೆಯ ಮಂಚವನ್ನು ಮನಸ್ಸಿನಲ್ಲೇ ಗುರುತು ಮಾಡಿಕೊಂಡಳು. ಅದರಲ್ಲಿ ಮಲಗಿದ್ದ ಅಜ್ಜಿಯ ಕೆಮ್ಮು ಜೋರಾದಾಗಲೆಲ್ಲ ತಾನೇ ಕಷಾಯ ಕಾಸಿ ಕುಡಿಸುತ್ತಿದ್ದಳು, ಪಾಪಪ್ರಜ್ಞೆಗೋ ಏನೋ.

ಮೊದಲ ವಾರವೇ ಒಂದು ಯಡವಟ್ಟಾಯಿತು. ಒಬ್ಬ ಮುದುಕನಿಗೆ ಅವಳು ಒಂದು ಚೊಂಬು ನೀರು ಹುಯ್ದದ್ದೇ ತಡ, ಅವನು ಕೂತ ಕಲ್ಲಿನಿಂದ ಹಾರಿ ಬಿದ್ದ.

“ಅಯ್ಯಯ್ಯೋ, ನನ್ನೇನು ಕೋಳಿ ಅಂದ್ಕೊಂಡ್ಯೇನೇ, ಪುಕ್ಕ ಕೀಳೋಕೆ!”

“ಉಗುರುಬೆಚ್ಚಗೆ ಅದಲ್ಲ ಸ್ವಾಮಿ?” ಎಂದು ಅವಳು ಮತ್ತೆ ಕೈ ಅದ್ದಿ ನೋಡಿದಳು. ಆ ಕೈಗೆ ಎಲ್ಲವೂ ಉಗುರುಬೆಚ್ಚಗೆಯೇ.

ಅಂದಿನಿಂದ ಅವಳೇ ಒಂದು ಕಟ್ಟಳೆ ಮಾಡಿಕೊಂಡಳು. ಸ್ನಾನ ಮಾಡುವವರು ಮೊದಲು ತಮ್ಮ ಕೈಯನ್ನೇ ಬಕೆಟ್ಟಿಗೆ ಅದ್ದಬೇಕು, “ಸಾಕು” ಎನ್ನಬೇಕು. ಅವರು ಹೇಳುವವರೆಗೆ ಚೊಂಬು ಮೇಲೇಳುತ್ತಿರಲಿಲ್ಲ. ಆರು ವರ್ಷದಲ್ಲಿ ಒಂದು ಗುಳ್ಳೆಯೂ ಎದ್ದದ್ದಿಲ್ಲ. ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದ ಮಂದಿರದ ಹದಿನಾಲ್ಕು ನಿಯಮಗಳಲ್ಲಿ ಈ ಮಾತು ಇರಲಿಲ್ಲ. ಅದರಲ್ಲಿದ್ದದ್ದು ಜೋರಾಗಿ ಭಜನೆ ಮಾಡಬಾರದು, ತಾಂಬೂಲ ಉಗುಳಬಾರದು, ದಾನಿಗಳು ಬಂದಾಗ ಎದ್ದು ನಿಲ್ಲಬೇಕು ಎಂಬಂಥವು.

ನಂಜುಂಡಸ್ವಾಮಿ ಎಂಬುವರಿಗೆ ಮಾತ್ರ ಈ ಕಟ್ಟಳೆಯನ್ನು ಸ್ವಲ್ಪ ತಿದ್ದಬೇಕಾಯಿತು. ಅವರು ಕಚೇರಿಯ ಮುಂದೆ ಮರದ ಕೆಳಗೆ ಕುಳಿತು ಊರವರಿಗೆಲ್ಲ ಅರ್ಜಿ ಬರೆದುಕೊಡುತ್ತಿದ್ದವರು. ಲಕ್ವ ಹೊಡೆದು ಬಲಗೈ, ಬಲಗಾಲು ಸತ್ತಿದ್ದವು. ಮುಟ್ಟಿದರೂ ಚುಚ್ಚಿದರೂ ತಿಳಿಯುತ್ತಿರಲಿಲ್ಲ. ಬಾಯಲ್ಲಿ ಉಳಿದದ್ದು “ಹ್ಞೂಂ” ಒಂದೇ. ಊಟ ಆಯಿತೇ ಅಂದರೂ ಹ್ಞೂಂ, ಮನೆಗೆ ಬೆಂಕಿ ಬಿತ್ತೇ ಅಂದರೂ ಹ್ಞೂಂ. ಆದ್ದರಿಂದ ಅವರ ಬಾಯಿ ನಂಬದೆ ಎಡಗೈ ನಂಬಬೇಕು. ನೀರು ಸುಡುತ್ತಿದ್ದರೆ ಅದು ತಾನೇ ಹಿಂದಕ್ಕೆ ಬರುತ್ತಿತ್ತು. ಬಕೆಟ್ ಯಾವಾಗಲೂ ಅವರ ಎಡಕ್ಕೇ.

ಐವತ್ತೇಳರಲ್ಲಿ ಸರ್ಕಾರದ ಗ್ರಾಂಟಿಗೆ ಅರ್ಜಿ ಹೋಯಿತು. ತಪಾಸಣೆಗೆ ಇನ್‌ಸ್ಪೆಕ್ಟರು ಬರುತ್ತಾರೆಂದು ತಿಳಿದ ಮೇಲೆ ಮಂದಿರಕ್ಕೆ ಮದುವೆಯ ಕಳೆ ಬಂತು. ಬೀರುವಿನಿಂದ ಹೊಸ ಕಂಬಳಿಗಳು ಇಳಿದವು. ಚೀಲದ ಬಾಯಲ್ಲಿ ಸಣ್ಣಕ್ಕಿ ಇಟ್ಟು ಅಡಿಯಲ್ಲಿ ನುಚ್ಚು ತುಂಬುವ ವಿದ್ಯೆ ಬರೀ ಅಂಗಡಿಯವರಿಗೆ ಗೊತ್ತೆನ್ನುವುದು ತಪ್ಪು. ಸ್ನಾನದ ಮನೆಗೂ ಹಿಂದಿನ ದಿನವೇ ಸುಣ್ಣ ಬಳಿಸಿದ್ದರು.

“ಬಸಮ್ಮ, ಸುಣ್ಣ ಇನ್ನೂ ಹಸೀ ಇದೆ. ಆ ಗೋಡೆಗೆ ಒಂದು ಹನಿ ನೀರು ಸಿಡೀಬಾರದು. ಕೂರೋ ಕಲ್ಲು ಈ ಕಡೆ ತಿರುಗಿಸಿದೀನಿ. ಹತ್ತು ಗಂಟೆಯೊಳಗೆ ಎಲ್ರ ಸ್ನಾನ ಮುಗೀಬೇಕು,” ಎಂದರು ವೆಂಕಟಸುಬ್ಬಯ್ಯನವರು.

“ಎಲ್ರದ್ದೂನಾ? ನಾನೇನ್ ಬುದ್ದಿ, ಮದ್ವೆ ಪಾತ್ರೆ ಬೆಳಗ್ತಿದೀನಾ?”

“ಹಾಗೇ ಅಂದ್ಕೋ.”

ಹನ್ನೊಂದನೆಯವರು ನಂಜುಂಡಸ್ವಾಮಿ. ಅಷ್ಟು ಹೊತ್ತಿಗೆ ಅವಳ ಸೊಂಟ ಬಿದ್ದುಹೋಗಿತ್ತು. ಹಂಡೆ ಕೊತಕೊತ ಕುದಿಯುತ್ತಿತ್ತು, ತಣ್ಣೀರು ತೊಟ್ಟಿಯ ತಳ ಕಂಡಿತ್ತು. ಅವರನ್ನು ಕಲ್ಲಿನ ಮೇಲೆ ಕೂರಿಸಿ, ಬಕೆಟ್ಟನ್ನು ದಿನವೂ ಇಡುವ ಜಾಗದಲ್ಲೇ ಇಟ್ಟಳು. ಪಕ್ಕದಲ್ಲಿದ್ದ ಕೈ ಹಿಡಿದು ನೀರಿಗೆ ಅದ್ದಿದಳು. ಕೈ ಹಿಂದಕ್ಕೆ ಬರಲಿಲ್ಲ.

“ಸಾಕಾ ಸ್ವಾಮಿ?”

“ಹ್ಞೂಂ.”

ಕಲ್ಲು ತಿರುಗಿತ್ತು, ಬಕೆಟ್ ತಿರುಗಿರಲಿಲ್ಲ. ನೀರಿನಲ್ಲಿದ್ದದ್ದು ಬಲಗೈ.

ಬಲ ಭುಜದ ಮೇಲೆ, ಬಲ ತೊಡೆಯ ಮೇಲೆ ಅವಳು ನಾಲ್ಕು ಚೊಂಬು ಹುಯ್ದಳು. ಅವರು ಹ್ಞೂಂ ಹ್ಞೂಂ ಎಂದು ಜೋರಾಗಿಯೇ ಅಂದರು.

“ಆಯ್ತು, ಇರಿ, ಹಿತವಾಗದೆ ಅಂತ ಇಲ್ಲೇ ಕೂತ್ಕೊಂಡ್ರೆ ಎಂಗೆ? ಇನ್ನೂ ಹನ್ನೊಂದ್ ಜನ ಅವ್ರೆ!” ಎಂದು ಐದನೆಯದನ್ನೂ ಹುಯ್ದಳು.

ಮೈ ಒರೆಸುವಾಗ ತೊಡೆಯ ಚರ್ಮ ಪಂಚೆಯ ಜೊತೆಗೇ ಬಂತು.

ಅವಳ ಕೂಗಿಗೆ ಓಡಿಬಂದ ವೆಂಕಟಸುಬ್ಬಯ್ಯನವರು ಆ ತೊಡೆಯನ್ನು ನೋಡಿದರು. ಕೆಟ್ಟವರೇನಲ್ಲ, ಅವರ ಕಣ್ಣಲ್ಲಿಯೂ ನೀರು ಬಂತು. ಆದರೆ ಆ ನೀರಿನಲ್ಲಿಯೂ ಅವರಿಗೆ ಗಡಿಯಾರ ಕಾಣಿಸಿತು. ಬೆಣ್ಣೆ ತರಿಸಿ ಸವರಿಸಿ, ಮಂಚಕ್ಕೆ ಸಾಗಿಸಿ, ಗಲ್ಲದವರೆಗೆ ಹೊಸ ಕಂಬಳಿ ಹೊದಿಸಿದರು.

“ಜ್ವರ ಅಂತ ಹೇಳೋಣ. ಅವ್ರು ಅತ್ಲಾಗೆ ಹೋದ ತಕ್ಷಣ ಡಾಕ್ಟ್ರು.”

“ಈಗ್ಲೇ ಆಸ್ಪತ್ರೆಗೆ ಆಕ್ಬೇಕು ಬುದ್ದಿ. ನಡುಗ್ತಾ ಅವ್ರೆ.”

“ಗ್ರಾಂಟ್ ತಪ್ಪಿದ್ರೆ ಇಪ್ಪತ್ತೆರಡು ಜನ ಬೀದೀಲಿ ನಡುಗ್ತಾರೆ ಕಣಮ್ಮ. ಹುಯ್ದಿದ್ದು ನೀನು. ಬಾಯಿ ಬಿಟ್ರೆ ಮೊದಲು ಹೋಗೋದು ನೀನು. ನಿನ್ನ ಮಂಚದ ಮಾತೂ ನಾನು ಆಡಿಲ್ಲ ಅಂದ್ಕೋ.”

ಇನ್‌ಸ್ಪೆಕ್ಟರ್ ದೊರೆಸ್ವಾಮಿ ಹನ್ನೊಂದಕ್ಕೆ ಬಂದರು. ಫಿನಾಯಿಲ್ ವಾಸನೆಯನ್ನು ಮೂಸಿ ತಲೆದೂಗಿದರು, ಕುಡಿಯುವ ನೀರಿನ ಮುಚ್ಚಳ ಎತ್ತಿದರು, ಸುಣ್ಣದ ಗೋಡೆಯನ್ನು ಮೆಚ್ಚಿದರು, ಮಂಚದಿಂದ ಮಂಚಕ್ಕೆ ಇರುವ ಅಂತರವನ್ನು ಗೇಣಿನಲ್ಲಿ ಅಳೆದರು. ಸರಕಿನ ಮೇಲೆ ಅಷ್ಟು ನಿಗಾ ಇರುವ ಗಿರಾಕಿ ಅಪರೂಪ. ನಂಜುಂಡಸ್ವಾಮಿಯವರ ಮಂಚದ ಬಳಿ ನಿಂತು ಕಂಬಳಿಯ ಅಂಚನ್ನು ಎರಡು ಬೆರಳಲ್ಲಿ ಹೊಸಕಿ ನೋಡಿದರು.

“ಒಳ್ಳೆ ಉಣ್ಣೆ. ಇವರಿಗೇನು?”

“ಸ್ವಲ್ಪ ಜ್ವರ, ಸಾರ್.”

“ಹ್ಞೂಂ,” ಎಂದರು ನಂಜುಂಡಸ್ವಾಮಿ.

ಇನ್‌ಸ್ಪೆಕ್ಟರು ಗುರುತು ಹಾಕಿ ಮುಂದಿನ ಮಂಚಕ್ಕೆ ಹೋದರು. ಬಾಗಿಲಲ್ಲಿ ನಿಂತಿದ್ದ ಪುಟ್ಟಬಸಮ್ಮ ಹದಿನೇಳನೆಯ ಮಂಚವನ್ನೊಮ್ಮೆ ನೋಡಿದಳು, ನೆಲ ನೋಡಿದಳು. ಇನ್ನು ನಾಲ್ಕು ಮಂಚ ದಾಟಿದರೆ ಅವರು ಹೊರಗೆ.

“ಸ್ವಾಮಿ, ಉಣ್ಣೆ ಆಮ್ಯಾಕೆ ನೋಡೀರಂತೆ. ಒಳಗಿರೋರ್ನ ನೋಡಿ,” ಎಂದು ತಾನೇ ಹೋಗಿ ಕಂಬಳಿ ಎತ್ತಿದಳು.

ಇನ್‌ಸ್ಪೆಕ್ಟರು ಎರಡು ಹೆಜ್ಜೆ ಹಿಂದೆ ಸರಿದರು. “ಯಾರು ಮಾಡಿದ್ದು ಇದು?”

“ನಾನೇ. ಕಲ್ಲು ತಿರುಗ್ಸಿದ್ರು, ನಂಗೆ ಗ್ಯಾನ ಬರ್ನಿಲ್ಲ. ಬಯ್ಯೋದು ಆಮೇಲೆ ಬಯ್ಯಿರಿ. ಮೊದ್ಲು ಗಾಡಿ ಕರೆಸಿ.”

ಜಟಕಾ ಬಂತು. ದಾರಿಯುದ್ದಕ್ಕೂ ನಂಜುಂಡಸ್ವಾಮಿಯವರ ತಲೆ ಅವಳ ತೊಡೆಯ ಮೇಲಿತ್ತು. ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇದ್ದು ಅವರು ತೀರಿಕೊಂಡರು. ಇನ್ನೂ ಒಂದು ಗಂಟೆ ಮುಂಚೆ ತಂದಿದ್ದರೆ ಎಂದು ಡಾಕ್ಟರು ಹೇಳಲಿಲ್ಲ, ತಂದರೂ ಅಷ್ಟೇ ಎಂದೂ ಹೇಳಲಿಲ್ಲ.

ತಪಾಸಣೆಯ ವರದಿ ಬಂತು: ‘ಕೆಲಸದವಳ ಅಜಾಗರೂಕತೆ. ಉಳಿದಂತೆ ತೃಪ್ತಿಕರ.’ ಗ್ರಾಂಟೂ ಬಂತು. ಪುಟ್ಟಬಸಮ್ಮನನ್ನು ಕೆಲಸದಿಂದ ತೆಗೆದು ಆಗಲೇ ಒಂದು ವಾರವಾಗಿತ್ತು.

ಮೂರು ತಿಂಗಳು ಕಳೆದ ಮೇಲೆ ವೆಂಕಟಸುಬ್ಬಯ್ಯನವರು ತಾವೇ ಅವಳನ್ನು ಹುಡುಕಿಕೊಂಡು ಬಂದರು. ಅವಳು ಬನ್ನಿಮಂಟಪದ ಬಳಿಯ ಹೋಟೆಲೊಂದರಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಮಂದಿರಕ್ಕೆ ಬಂದ ಹೊಸ ಹೆಂಗಸರಿಬ್ಬರೂ ಒಂದೊಂದು ವಾರಕ್ಕೇ ಓಡಿಹೋಗಿದ್ದರು. ವೆಂಕಟಸುಬ್ಬಯ್ಯನವರ ಕೈಯಲ್ಲಿ ಒಂದು ಕಾಗದವಿತ್ತು. ರೋಗಿಯೇ ಕೈ ಚಾಚಿ ಹಂಡೆ ಉರುಳಿಸಿಕೊಂಡ ಎಂದು ಅದರಲ್ಲಿ ಬರೆದಿತ್ತು.

“ಹೆಬ್ಬೆಟ್ಟು ಒತ್ತು ಬಸಮ್ಮ. ನಿನ್ನ ಹೆಸರೂ ತೊಳೆಯುತ್ತೆ, ಮಂದಿರದ್ದೂ ತೊಳೆಯುತ್ತೆ. ನಾಳೆಯಿಂದ್ಲೇ ಬಾ. ಮಂಚ ನಿಂದೇ.”

“ಕಲ್ಲಿನ ವಿಚಾರ ಬರೆದಿದೀರಾ?”

“ಯಾವ ಕಲ್ಲು?”

“ಸುಣ್ಣದ್ ಗೋಡೆ ನೆನೀತದೆ ಅಂತ ತಿರುಗ್ಸಿದ್ರಲ್ಲ, ಅದು. ನಾನು ಹುಯ್ದೆ ಅಂತ್ಲೂ ಬರೀರಿ, ನೀವು ತಿರುಗ್ಸಿದ್ರಿ ಅಂತ್ಲೂ ಬರೀರಿ. ಎಲ್ಡೂ ಇದ್ರೆ ಒತ್ತೀನಿ.”

“ಅದೆಲ್ಲ ಯಾರಿಗೆ ಬೇಕು, ಹುಚ್ಚಿ?”

“ಮುಂದಿನ್ ಸಲ ಕಲ್ಲಿನ್ ಮೇಲೆ ಕೂರೋರ್ಗೆ ಬೇಕು ಬುದ್ದಿ.”

ಅವರು ಕಾಗದ ಮಡಿಸಿಕೊಂಡು ಹೋದರು. ಅವಳು ಬೂದಿ ಹಾಕಿ ಪಾತ್ರೆ ಉಜ್ಜಿದಳು.

ಅರವತ್ತೆರಡರಲ್ಲಿ ಮಂಡಿನೋವು ಅವಳನ್ನು ಕೂರಿಸಿತು. ದಟ್ಟಗಳ್ಳಿಯಲ್ಲಿ ಅಣ್ಣನ ಮಗಳೊಬ್ಬಳಿದ್ದಳು. ಅವಳ ಮನೆಯ ಕೊಟ್ಟಿಗೆಯ ಪಕ್ಕದ ಜಗಲಿಯಲ್ಲಿ ಹುಲ್ಲಿನ ಮೇಲೆ ಚಾಪೆ ಹಾಸಿಕೊಂಡು ಎರಡು ಚಳಿಗಾಲ ಕಳೆದಳು. ಮೂರನೆಯದರಲ್ಲಿ, ಪುಷ್ಯ ಮಾಸದ ಒಂದು ಬೆಳಿಗ್ಗೆ, ಹಾಲು ಕರೆಯಲು ಬಂದವರು ಮಾತಾಡಿಸಿದಾಗ ಅವಳು ಏಳಲಿಲ್ಲ. ಆ ವಾರ ಯಾದವಗಿರಿಯ ಮಂದಿರದಲ್ಲಿ ಎರಡು ಮಂಚ ಖಾಲಿ ಬಿದ್ದಿದ್ದವು.