ನೋಡ್ತಾ ಇದ್ದ ಮ್ಯಾನೇಜರ್

ಬಿಸಿನೆಸ್ ಡಿಗ್ರಿ ಮುಗಿಸಿದ ಮೇಲೆ ಒಂದು ವಿಷಯ ಮಾತ್ರ ನನಗೆ ಚೆನ್ನಾಗಿ ಗೊತ್ತಾಗಿತ್ತು: ನನಗೆ ಯಾವ ಬಿಸಿನೆಸ್ಸೂ ಬರುವುದಿಲ್ಲ. ಹಳೆಯ ಆಫೀಸುಗಳ ಒಳಭಾಗ ಒಡೆದು ಹೊಸದಾಗಿ ಮಾಡಿಕೊಡುವ ಸಣ್ಣ ಕಂಪನಿಯಲ್ಲಿ ಸೈಟ್ ಕೋಆರ್ಡಿನೇಟರ್ ಎಂಬ ಕೆಲಸ ಸಿಕ್ಕಿತು. ಪೇಂಟರ್ ಬಂದನೇ, ಎಲೆಕ್ಟ್ರಿಷಿಯನ್ ಎಲ್ಲಿ ಹಾಳಾಗಿಹೋದ, ಬಾಗಿಲು ಯಾಕೆ ಚೌಕಟ್ಟಿಗಿಂತ ಅಗಲವಾಗಿದೆ ಎಂದು ಫೋನಿನಲ್ಲಿ ಕಿರುಚಬೇಕು. ಕಿರುಚಾಟದಲ್ಲಿ ನಾನು ಯಾರಿಗೂ ಕಮ್ಮಿಯಿಲ್ಲ.

ಆಮೇಲೆ ಕಂಪನಿ ಕೈ ಬದಲಾಯಿತು. ಹೊಸ ಮೇಡಂ ಮೊದಲ ಮೀಟಿಂಗಿನಲ್ಲೇ ಹೇಳಿಬಿಟ್ಟರು: ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಸರ್ಟಿಫಿಕೇಟ್ ಇದ್ದವರು ಸೈಟಿನಲ್ಲಿರುತ್ತಾರೆ, ಇಲ್ಲದವರು ಮನೆಯಲ್ಲಿ. ನನ್ನ ಮನೆಯೆಂದರೆ ಅಕ್ಕನ ಮನೆಯ ಹಾಲಿನ ಸೋಫಾ. ಭಾವ ಆಗಲೇ ಅದಕ್ಕೆ ಹೊಸ ಬಟ್ಟೆ ಹೊದಿಸುವ ಮಾತೆತ್ತಿದ್ದರು. ಹೊದಿಸಬೇಕಾದರೆ ಮೊದಲು ನನ್ನನ್ನು ಎಬ್ಬಿಸಬೇಕಲ್ಲ.

ಓದಲು ಕೂತೆ. ಬಸ್ಸಿನಲ್ಲಿ ಓದಿದೆ, ಬಾತ್‌ರೂಮಿನಲ್ಲಿ ಓದಿದೆ, ಹಸಿ ಗೋಡೆಗೆ ಒರಗಿ ಬೆನ್ನಿಗೆಲ್ಲ ಬಣ್ಣ ಮೆತ್ತಿಕೊಂಡು ಓದಿದೆ. ಅಕ್ಕ ಬಟ್ಟೆ ಮಡಿಸುತ್ತಾ ಪ್ರಶ್ನೆ ಕೇಳುತ್ತಿದ್ದಳು.

"ರಿಸ್ಕ್ ಅಂದ್ರೇನೋ?"

"ಮುಂದೆ ಆಗಬಾರದ್ದು ಆಗಬಹುದು ಅನ್ನೋದು."

"ಹಾಗಾದ್ರೆ ಈ ಪುಸ್ತಕದಲ್ಲಿ ನಿನ್ನ ಫೋಟೋ ಹಾಕಿರಬೇಕಿತ್ತಲ್ಲ?" ಎಂದು ನಕ್ಕಳು. ಆಮೇಲೆ ದನಿ ತಗ್ಗಿಸಿ, "ಇದೊಂದು ಮುಗಿಸಿಬಿಡೋ ಮಾರಾಯ. ನಿನ್ನ ಭಾವಂಗೆ ಇನ್ನೂ ಎಷ್ಟು ಅಂತ ಸಮಾಧಾನ ಹೇಳಲಿ?" ಎಂದಳು.

ಪರೀಕ್ಷೆಗೆ ಕೂರಲು ಓದಿದರಷ್ಟೇ ಸಾಲದು. ಪ್ರಾಜೆಕ್ಟುಗಳನ್ನು ಸ್ವತಃ ನಡೆಸಿದ ಅನುಭವ ಬೇಕು, ಅದನ್ನು ಹಿಂದಿನ ಯಜಮಾನರು ಖಾತ್ರಿಪಡಿಸಬೇಕು. ನಮ್ಮ ಹಳೆಯ ಯಜಮಾನರು ಕಂಪನಿ ಮಾರಿ ಮನೆಯಲ್ಲಿ ಕೂತಿದ್ದರು. ಅಪ್ಪಿತಪ್ಪಿಯೂ ಸುಳ್ಳಾಡದ ಮನುಷ್ಯ. ಕಂಪನಿ ಮಾರಬೇಕಾಗಿ ಬಂದದ್ದು ಅದಕ್ಕೇ ಎಂದು ನಮ್ಮೆಲ್ಲರ ಗುಮಾನಿ. ಪರೀಕ್ಷೆಯವರು ಫೋನ್ ಮಾಡುವ ದಿನ ಬೆಳಗ್ಗೆಯೇ ಬಿಸ್ಕತ್ತಿನ ಪೊಟ್ಟಣ ಹಿಡಿದುಕೊಂಡು ಹೋಗಿ ಅವರ ಪಕ್ಕ ಕೂತೆ.

"ಸಾರ್, ನಾವು ಒಡೆದು ಹೊಸದು ಮಾಡಿದ್ವಲ್ಲ, ಆ ಬ್ಯಾಂಕಿನ ಕೆಲಸ ಇವನೇ ನೋಡ್ಕೋತಾ ಇದ್ದ ಅಂದ್ರೆ ಸಾಕು."

"ಅದಕ್ಕೇನಂತೆ, ನೋಡ್ತಾ ಇದ್ದೆಯಲ್ಲ."

"ನೋಡ್ತಾ ಅಲ್ಲ ಸಾರ್, ನೋಡ್ಕೋತಾ."

"ಎರಡೂ ಒಂದೇ ಅಲ್ವೇನಯ್ಯಾ?"

ಬರೀ ಒಂದು 'ಕೋ'. ಅದಿದ್ದರೆ ನಾನು ಹೊಣೆ ಹೊತ್ತವನು, ಇಲ್ಲದಿದ್ದರೆ ಕೈಕಟ್ಟಿ ನಿಂತು ತಮಾಷೆ ನೋಡಿದವನು. ಮತ್ತೆ ಮತ್ತೆ ಹೇಳಿಸಿದೆ. "ನೋಡ್ಕೋತಾ, ನೋಡ್ಕೋತಾ" ಎಂದು ಪಾಪ, ಮಗ್ಗಿಯಂತೆ ಒಪ್ಪಿಸಿದರು.

ಫೋನ್ ಬಂತು. ಸ್ಪೀಕರಿಗೆ ಹಾಕಿದರು. ಹೆಣ್ಣುದನಿಯೊಂದು ಬಹಳ ಮರ್ಯಾದೆಯಿಂದ ಕೇಳಿತು: "ಬ್ಯಾಂಕಿನ ಪ್ರಾಜೆಕ್ಟನ್ನ ಇವರೇ ನಡೆಸಿದ್ರಾ ಸರ್?"

ಈ ಕ್ರಿಯಾಪದಕ್ಕೆ ನಾವು ತಯಾರಾಗಿರಲಿಲ್ಲ.

"ನಡೆಸೋದೇನಮ್ಮಾ, ಅದು ಅದರ ಪಾಡಿಗೆ ನಡೀತು" ಎಂದರು ಯಜಮಾನರು. ನಾನು ಎದುರಿಗೆ ನಿಂತು ಸದ್ದಿಲ್ಲದೆ 'ಕೋ, ಕೋ' ಎಂದು ಕೋಳಿಯಂತೆ ಬಾಯಿ ಆಡಿಸಿದೆ. ಅವರ ಮುಖ ಅರಳಿತು. "ಹಾಂ, ಹುಡುಗ ತುಂಬಾ ಒಳ್ಳೆಯವನು. ದಿನಾ ಬಂದು ನೋಡ್ತಾ ಇದ್ದ. ಒಂದು ದಿನಾನೂ ತಪ್ಪಿಸಿಲ್ಲ, ಕೊನೇವರೆಗೂ ನೋಡಿದಾನೆ."

"ತೀರ್ಮಾನ ಎಲ್ಲಾ ಯಾರು ತಗೋತಿದ್ರು ಸರ್?"

"ನಾನೇ ಕಣಮ್ಮಾ. ಇವನು ಅದನ್ನ ಫೋನಲ್ಲಿ ಜೋರಾಗಿ ಹೇಳ್ತಿದ್ದ. ಗಂಟಲು ಚೆನ್ನಾಗಿದೆ."

ಆಕೆ ಧನ್ಯವಾದ ಹೇಳಿ ಫೋನಿಟ್ಟರು. "ಕೆಲಸ ಆಯ್ತಲ್ಲಯ್ಯಾ?" ಎಂದು ಯಜಮಾನರು ಬಿಸ್ಕತ್ತನ್ನು ಟೀಗೆ ಅದ್ದಿದರು.

"ಆಯ್ತು ಸಾರ್" ಎಂದೆ. ಬೈಯೋಣವೆಂದರೆ, ಅವರು ಹೇಳಿದ್ದರಲ್ಲಿ ಸುಳ್ಳೇನಿತ್ತು?

ಗೇಟು ದಾಟುವಷ್ಟರಲ್ಲಿ ಮೆಸೇಜು ಬಂತು: ಅನುಭವ ಸಾಲದು, ಅರ್ಜಿ ತಿರಸ್ಕರಿಸಲಾಗಿದೆ. ನಾನಾಗಿಯೇ ಹೇಳಿದರೆ ಮರುಕ ಹುಟ್ಟೀತೆಂಬ ಆಸೆಯಿಂದ ಅಲ್ಲೇ ನಿಂತು ಮೇಡಂಗೆ ಫೋನ್ ಮಾಡಿದೆ. ಹುಟ್ಟಲಿಲ್ಲ.

"ನಾಳೆ ಬಂದು ಸೈಟಿನ ಕೀ ಕೊಟ್ಟುಬಿಡಿ."

"ಮೇಡಂ, ಗೋಡೌನಿನಲ್ಲಾದ್ರೂ ಏನಾದ್ರೂ ಕೊಡಿ. ಏನಾದ್ರೂ ಸರಿ. ಕೆಲಸ ಹೋಯ್ತು ಅಂತ ಮನೇಲಿ ಹೇಳೋಕಾಗಲ್ಲ ಮೇಡಂ."

ಆ ಕಡೆ ಯಾರೋ ಪ್ಲೈವುಡ್ ಕೊಯ್ಯುತ್ತಿದ್ದರು. ಆ ಸದ್ದಿನ ಮೇಲೆ ಮೇಡಂ ದನಿ ಏರಿಸಿ ಕೇಳಿದರು:

"ಭಾರ ಎತ್ತೋಕೆ ಬರುತ್ತಾ?"

"ಬರುತ್ತೆ ಮೇಡಂ" ಎಂದೆ. ಫುಟ್‌ಪಾತಿನಲ್ಲಿ ಯಾರಿಗೂ ಕಾಣದ ಹಾಗೆ ಗೋಡೆಯ ಕಡೆ ತಿರುಗಿ, ತೋಳು ಮಡಿಸಿ ರಟ್ಟೆ ಒತ್ತಿ ನೋಡಿದೆ. ಮೆತ್ತಗಿತ್ತು.