ಜೋಡಿ ಸೀನು

ಇವತ್ತು ಬೆಳಿಗ್ಗೆ ಟಿವಿ ಪಕ್ಕದ ಬಹುಮಾನದ ಕಪ್ಪು ಒರೆಸಲು ಹೋಗಿ ಒಂದು ಸೀನು ಸೀನಿದೆ. ಹೊರಗೆ ಹೊರಟಿದ್ದ ನಮ್ಮವರು ಒಂದು ಚಪ್ಪಲಿ ಮೆಟ್ಟಿದವರು ಇನ್ನೊಂದನ್ನು ಮೆಟ್ಟದೆ ಹಾಗೇ ನಿಂತರು. ಒಂಟಿ ಸೀನು ಅಪಶಕುನ, ಜೋಡಿ ಸೀನು ಶುಭ. ಎರಡನೆಯದು ಬರದಿದ್ದರೆ ಒಳಗೆ ಬಂದು ಕೂತು, ನೀರು ಕುಡಿದೇ ಹೊರಡಬೇಕು. ನನ್ನನ್ನು ಕಟ್ಟಿಕೊಂಡ ಮೇಲೆ ಅವರು ಹೀಗೆ ಕುಡಿದ ನೀರಿನಲ್ಲಿ ಒಂದು ಕೆರೆ ತುಂಬೀತು. ಅವರು ಅಲ್ಲೇ ನಿಂತಿರಲಿ, ನೀವು ಬನ್ನಿ, ಈ ಕಪ್ಪಿನ ಕಥೆ ಹೇಳುತ್ತೇನೆ.

ನನ್ನ ಮೂಗು ಹುಟ್ಟಾ ಮುಂಗೋಪಿ. ಕಡಲೆಕಾಯಿ ಬಿಡಿಸುವ ದೂಳು, ಒಗ್ಗರಣೆಯ ಹೊಗೆ, ಕಾಂಗ್ರೆಸ್ ಗಿಡದ ಹೂವು, ಹಳೇ ಹಾಜರಿ ಪುಸ್ತಕ, ಯಾವುದೂ ಅದಕ್ಕೆ ಆಗಿಬರುವುದಿಲ್ಲ. ಆರನೇ ಕ್ಲಾಸಿನಲ್ಲಿ ಓಟದ ಪಂದ್ಯಕ್ಕೆ ಗೆರೆಯ ಮೇಲೆ ನಿಂತಿದ್ದೆ. ಮೇಷ್ಟ್ರು ಸೀಟಿ ಬಾಯಿಗಿಡುವಷ್ಟರಲ್ಲಿ ಸೀನಿಬಿಟ್ಟೆ. ಅದನ್ನೇ ಸೀಟಿ ಅಂದುಕೊಂಡು ಉಳಿದ ಹುಡುಗಿಯರೆಲ್ಲ ಓಟ ಕಿತ್ತರು. "ನೀನು ಎಲ್ರ ಚಪ್ಪಲಿ ಕಾಯ್ಕೊಂಡು ಕೂತ್ಕೊಳಮ್ಮ" ಎಂದರು ಮೇಷ್ಟ್ರು. ನೋಡಿ, ಆ ಚಪ್ಪಲಿಗಳನ್ನು ನಾನು ಮೂವತ್ತು ವರ್ಷ ಕಾದೆ. ಟೀಚರಾದ ಮೇಲೂ ಶಿಕ್ಷಕರ ಕ್ರೀಡಾಕೂಟದಲ್ಲಿ ಎಲ್ಲರ ಬ್ಯಾಗೂ ನನ್ನ ಮಡಿಲಲ್ಲೇ. ಮೇಲೆ ನಗುತ್ತಿದ್ದೆ, ಒಳಗೆ ಹೊಟ್ಟೆ ಉರಿಯುತ್ತಿತ್ತು. ಒಂದು ಸಲ, ಒಂದೇ ಒಂದು ಸಲ, ಆ ಗೆರೆಯಿಂದ ಓಡಿ ಪಂದ್ಯ ಮುಗಿಸಬೇಕು ಅನ್ನಿಸುತ್ತಿತ್ತು.

ಹೋದ ವರ್ಷ ಶಿರಾದಲ್ಲಿ ಡಾಕ್ಟರನ್ನು ಕೇಳಿಯೇಬಿಟ್ಟೆ. "ಅಲರ್ಜಿ ಇರೋದು ಮೂಗಿಗೆ, ಕಾಲಿಗಲ್ಲವಲ್ಲ! ಮಾತ್ರೆ ತಪ್ಪಿಸಬೇಡಿ, ದೂಳಿಲ್ಲದ ಕಡೆ ಓಡಿ, ಉಸಿರು ಕಟ್ಟಿದರೆ ನಿಂತುಬಿಡಿ" ಎಂದರು. ನಮ್ಮ ಸೀಮೆಯಲ್ಲಿ ದೂಳಿಲ್ಲದ ಜಾಗ ಕ್ಯಾಲೆಂಡರಿನ ಚಿತ್ರದಲ್ಲಿ ಮಾತ್ರ. ಇದ್ದುದರಲ್ಲಿ ವಾಸಿ ಎಂದು ಮದಲೂರು ಕೆರೆಯ ಏರಿ ಹಿಡಿದೆ.

ಅಲ್ಲಿ ಸಿಕ್ಕಿದವಳು ಕುರಿ ಮೇಯಿಸುವ ಈರಕ್ಕ. ಮೊದಲ ದಿನ ನನ್ನ ಸೀನು ಕೇಳಿ ಮಂದೆಯನ್ನೇ ನಿಲ್ಲಿಸಿಬಿಟ್ಟಳು.

"ಇನ್ನೊಂದು ಸೀನು ಮೇಡಮ್ಮ. ಒಂಟಿ ಸೀನ್ಗೆ ನನ್ ಕುರಿ ಹೊರಡಾಕಿಲ್ಲ."

"ಬರ್ತಿಲ್ಲ ಈರಕ್ಕ."

"ಅಂಗಂದ್ರೆ ಹೆಂಗೆ? ಸೂರ್ಯನ್ ಕಡೆ ಮುಖ ಮಾಡು, ಬತ್ತೈತೆ."

ಮಾಡಿದೆ, ಬಂತು. ಕುರಿಗಳು ಹೊರಟವು, ಅವುಗಳ ಹಿಂದೆ ನಾನೂ.

ಗಾಳಿಯ ವಿಷಯದಲ್ಲಿ ಈರಕ್ಕ ಡಾಕ್ಟರಿಗಿಂತ ಒಂದು ಕೈ ಮೇಲು. "ಏರಿ ಹಿಂದ್ಗಡೆ ಕಾಂಗ್ರೆಸ್ ಗಿಡ ಹೂ ಬುಟ್ಟೈತೆ. ಗಾಳಿ ನೀರಿನ್ ಕಡೆಯಿಂದ ಬೀಸೋವಾಗ ಓಡು, ತಿರುಗ್ತು ಅಂದ್ರೆ ನಿಂತ್ಬುಡು" ಎಂದಳು. ಅವಳು ಕೋಲೆತ್ತಿದರೆ ಓಟ, ಇಳಿಸಿದರೆ ಮನೆ. ಮೂಗಿಗೆ ಒದ್ದೆ ಕರ್ಚೀಫು ಕಟ್ಟಿ ಓಡುತ್ತಿದ್ದೆ. ಕೆಲವು ದಿನ ಹತ್ತು ಹೆಜ್ಜೆಗೇ ಕಣ್ಣು ಮೂಗು ಸುರಿದು ಅಳುವಂತಾಗುತ್ತಿತ್ತು. "ಗಾಳಿ ಇವತ್ತೊಂದೇ ದಿನ ಬೀಸ್ತೈತಾ? ನಾಳೀಕ್ ಬಾ ಕಣಮ್ಮ" ಎನ್ನುತ್ತಿದ್ದಳು. ನಾಳೆಗೆ ಹೋಗುತ್ತಿದ್ದೆ.

ಕ್ರೀಡಾಕೂಟ ಬಂತು. ಈ ಸಲ ಬ್ಯಾಗು ಬೇರೆಯವರ ಮಡಿಲಿಗೆ ಹಾಕಿ ಗೆರೆಯ ಮೇಲೆ ನಿಂತೆ. ಗೆರೆ ಎಳೆದದ್ದು ಸುಣ್ಣದ ಪುಡಿಯಲ್ಲಿ! ಬಗ್ಗಿದೆನೋ ಇಲ್ಲವೋ, ಮೈದಾನವೇ ಬೆಚ್ಚುವಂತೆ ಸೀನಿದೆ. ಪಕ್ಕದ ಇಬ್ಬರು ಟೀಚರು ಓಟ ಕಿತ್ತೇಬಿಟ್ಟರು. ಅವರನ್ನು ವಾಪಸು ಕರೆದರು. ನನ್ನ ಕಾಲು ಆಗಲೇ ಚಪ್ಪಲಿ ರಾಶಿಯ ಕಡೆ ತಿರುಗಿತ್ತು. ಆಗ ಈರಕ್ಕನ ನೆನಪಾಯಿತು. "ಒಂದು ನಿಮಿಷ ಸರ್, ಇನ್ನೊಂದು ಬಾಕಿ ಇದೆ" ಎಂದು ಸೂರ್ಯನ ಕಡೆ ಮುಖ ಮಾಡಿ ಎರಡನೆಯದನ್ನೂ ಸೀನಿದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಸೀಟಿ ಊದಿದರು. ಓಡಿದೆ ನೋಡಿ! ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಎರಡನೇ ಸ್ಥಾನ. ಆ ನೀರಿನಲ್ಲಿ ಎಷ್ಟು ಅಲರ್ಜಿಯದೋ, ಎಷ್ಟು ಖುಷಿಯದೋ ಇವತ್ತಿಗೂ ತಿಳಿಯದು.

ಮಾರನೇ ದಿನ ಕಪ್ಪನ್ನು ಏರಿಗೇ ಒಯ್ದೆ. ಈರಕ್ಕ ಸೆರಗಲ್ಲಿ ಕೈ ಒರೆಸಿಕೊಂಡು ತಗೊಂಡು, ತಿರುಗಿಸಿ ತಿರುಗಿಸಿ ನೋಡಿದಳು.

"ಎಷ್ಟನೇದು?"

"ಎರಡನೇದು."

"ಎಷ್ಟು ಸೀನಿದ್ದೆ?"

"ಎರಡು."

"ಮತ್ತಿನ್ನೇನು! ಮುಂದಿನ್ ವರ್ಷ ಒಂದಕ್ಕೇ ನಿಲ್ಲಿಸ್ಬುಡು ಕಣಮ್ಮ."

ಬರುವ ಭಾನುವಾರ ಮತ್ತೆ ಕ್ರೀಡಾಕೂಟ. ನಮ್ಮವರು ಒಂದು ಕಾಲಿಗೆ ಚಪ್ಪಲಿ ಮೆಟ್ಟಿ, ಇನ್ನೊಂದು ಬರಿಗಾಲಲ್ಲಿ ಇನ್ನೂ ಬಾಗಿಲಲ್ಲೇ ನಿಂತಿದ್ದಾರೆ. "ಇನ್ನೊಂದು ಸೀನು ಬರುತ್ತಾ? ನೀರು ಕುಡೀಲಾ?" ಎಂದು ಕೇಳಿದರು.

ಮೂಗಿನ ತುದಿ ತುರಿಸುತ್ತಿತ್ತು. ಒತ್ತಿ ಹಿಡಿದೆ.

"ಬೇಡ ಕಣ್ರೀ, ಈ ವರ್ಷ ಒಂದೇ. ಹೊರಡಿ."